ಚೀಟಿ ಬರೆದಾಗಿತ್ತು, ಔಷಧ ಒಳಗೆ ಹೋಗಿರಲಿಲ್ಲ: 2017ರ ವಾನಾಕ್ರೈ ದಾಳಿ ಮತ್ತು ಬ್ರಿಟನ್ನಿನ ಆಸ್ಪತ್ರೆಗಳು

ನಮ್ಮ ಸಂಘದ ಸದಸ್ಯ ಕುಟುಂಬಗಳಲ್ಲಿ ಎರಡು ವೃತ್ತಿಗಳವರ ಸಂಖ್ಯೆ ಎದ್ದು ಕಾಣುತ್ತದೆ. ಒಂದು ಕಡೆ ಎನ್‌ಎಚ್‌ಎಸ್ ಆಸ್ಪತ್ರೆಗಳಲ್ಲಿ ದುಡಿಯುವ ವೈದ್ಯರು, ದಾದಿಯರು, ಫಾರ್ಮಸಿಸ್ಟರು. ಇನ್ನೊಂದು ಕಡೆ ಮಾಹಿತಿ ತಂತ್ರಜ್ಞಾನದವರು. ಯುಗಾದಿಯ ಊಟದ ಪಂಕ್ತಿಯಲ್ಲಿ ಅಕ್ಕಪಕ್ಕದಲ್ಲೇ ಕುಳಿತರೂ ಒಬ್ಬರ ಕೆಲಸದ ಒಳಗುಟ್ಟು ಇನ್ನೊಬ್ಬರಿಗೆ ತಿಳಿಯುವುದು ಅಪರೂಪ. ಈ ಎರಡು ಲೋಕಗಳು ಒಂದಕ್ಕೊಂದು ಡಿಕ್ಕಿ ಹೊಡೆದ ದಿನವೊಂದು ಬ್ರಿಟನ್ನಿನ ಇತ್ತೀಚಿನ ಇತಿಹಾಸದಲ್ಲಿದೆ: 2017ರ ಮೇ 12, ಶುಕ್ರವಾರ. ಅಂದು ಮಧ್ಯಾಹ್ನ ಈ ದೇಶದ ಹಲವು ಆಸ್ಪತ್ರೆಗಳ ಕಂಪ್ಯೂಟರ್ ಪರದೆಗಳ ಮೇಲೆ ಕೆಂಪು ಬಣ್ಣದ ಒಂದು ನೋಟಿಸ್ ಮೂಡಿತು. ನಿಮ್ಮ ಕಡತಗಳಿಗೆ ಬೀಗ ಬಿದ್ದಿದೆ, ಬೀಗದ ಕೈ ಬೇಕಾದರೆ 300 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಕೊಡಿ ಎಂಬುದು ಅದರ ಸಾರಾಂಶ.

ಆ ದಿನದ ಕಥೆಯನ್ನು ಪತ್ರಿಕೆಗಳು ಅಂದೇ ಹೇಳಿ ಮುಗಿಸಿದವು. ಆದರೆ ಅದರ ಹಿಂದಿನ ಮೂರು ವರ್ಷಗಳ ಕಥೆ ಹೆಚ್ಚು ಉಪಯುಕ್ತವೆಂದು ನಮಗೆ ತೋರುತ್ತದೆ. ಸಂಸ್ಥೆಯೊಂದು ತನ್ನ ಕಂಪ್ಯೂಟರ್ ವ್ಯವಸ್ಥೆಯನ್ನು ಕಾಪಾಡಿಕೊಳ್ಳಲು ಯಾವ ಬಗೆಯ ಕಾರ್ಯತಂತ್ರ ಬೇಕು ಎಂಬ ಪ್ರಶ್ನೆಗೆ ಪಠ್ಯಪುಸ್ತಕಗಳಲ್ಲಿ ಅನೇಕ ಉತ್ತರಗಳಿವೆ. ಆ ಉತ್ತರಗಳಲ್ಲಿ ಬಹುಪಾಲು ಎನ್‌ಎಚ್‌ಎಸ್‌ನಲ್ಲಿ ಮೊದಲೇ ಲಿಖಿತ ರೂಪದಲ್ಲಿ ಇದ್ದವು. ಆದರೂ ಪೆಟ್ಟು ಬಿತ್ತು. ಏಕೆಂಬುದನ್ನು ತಿಳಿಯಲು ತುಸು ಹಿಂದಿನಿಂದ ಆರಂಭಿಸಬೇಕು.

ಒತ್ತೆಹಣ ಕೇಳುವ ತಂತ್ರಾಂಶ, ಅಂದರೆ ರ‍್ಯಾನ್ಸಮ್‌ವೇರ್, ಹುಟ್ಟಿದ್ದೇ ವೈದ್ಯಲೋಕದ ನೆರಳಿನಲ್ಲಿ ಎಂಬುದು ನಮ್ಮ ವೃತ್ತಿಯವರಿಗೂ ಅಷ್ಟಾಗಿ ಗೊತ್ತಿಲ್ಲ. 1989ರ ಡಿಸೆಂಬರ್‌ನಲ್ಲಿ ಲಂಡನ್ನಿನಿಂದ ಸುಮಾರು 20,000 ಫ್ಲಾಪಿ ಡಿಸ್ಕುಗಳು ಅಂಚೆಯ ಮೂಲಕ ಹಲವು ದೇಶಗಳಿಗೆ ಹೊರಟವು. ಅವುಗಳನ್ನು ಪಡೆದವರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಏಡ್ಸ್ ಸಮ್ಮೇಳನದಲ್ಲಿ ಪಾಲ್ಗೊಂಡಿದ್ದ ಸಂಶೋಧಕರಿದ್ದರು. ಏಡ್ಸ್ ಕುರಿತ ಮಾಹಿತಿ ಎಂದು ಅದರ ಮೇಲೆ ಬರೆದಿತ್ತು. ಒಳಗೆ ನಿಜಕ್ಕೂ ಒಂದು ಪ್ರಶ್ನಾವಳಿ ಇತ್ತು, ಉತ್ತರಿಸಿದವರಿಗೆ ಸೋಂಕಿನ ಅಪಾಯ ಎಷ್ಟೆಂದು ಅದು ಲೆಕ್ಕ ಹಾಕಿ ಹೇಳುತ್ತಿತ್ತು. ಅದರ ಜೊತೆಗೇ ಇನ್ನೊಂದು ಕಾರ್ಯಕ್ರಮ ಯಂತ್ರದೊಳಗೆ ಅಡಗಿ ಕುಳಿತು, ಕಂಪ್ಯೂಟರನ್ನು ಎಷ್ಟು ಸಲ ಚಾಲೂ ಮಾಡಲಾಯಿತು ಎಂದು ಎಣಿಸುತ್ತಿತ್ತು. ಎಣಿಕೆ 90 ಮುಟ್ಟಿದಾಗ ಕಡತಗಳ ಹೆಸರುಗಳೆಲ್ಲ ಕಲಸಿಹೋಗಿ, ಪನಾಮಾದ ಅಂಚೆಪೆಟ್ಟಿಗೆಯೊಂದಕ್ಕೆ 189 ಡಾಲರ್ ಕಳುಹಿಸಬೇಕೆಂಬ ಸೂಚನೆ ಬರುತ್ತಿತ್ತು. ಇದನ್ನು ರಚಿಸಿದ ಆರೋಪ ಹೊತ್ತವರು ಜೋಸೆಫ್ ಪಾಪ್, ಹಾರ್ವರ್ಡ್‌ನಲ್ಲಿ ಓದಿದ ಜೀವವಿಜ್ಞಾನಿ. ಅವರನ್ನು ಬಂಧಿಸಿ ಬ್ರಿಟನ್ನಿಗೆ ಕರೆತಂದರೂ, ಮಾನಸಿಕ ಅನಾರೋಗ್ಯದ ಕಾರಣ ವಿಚಾರಣೆ ನಡೆಯಲಿಲ್ಲ. ಕಡತಗಳ ಒಳಗಿನ ವಿಷಯ ಹಾಳಾಗಿರಲಿಲ್ಲವಾದ್ದರಿಂದ ಪರಿಹಾರವೂ ಬೇಗ ಸಿಕ್ಕಿತು. ಅಂಚೆಚೀಟಿ ಹಚ್ಚಿ ಹರಡಬೇಕಾದ ರೋಗಕ್ಕೆ ವೇಗವೂ ಕಡಿಮೆ.

ಮುಂದಿನ ಮೂರು ದಶಕಗಳಲ್ಲಿ ಎರಡು ಬದಲಾವಣೆಗಳಾದವು. ಅಂಚೆಯ ಬದಲು ಅಂತರ್ಜಾಲ ಬಂದಿತು, ಪನಾಮಾದ ಅಂಚೆಪೆಟ್ಟಿಗೆಯ ಬದಲು ಬಿಟ್‌ಕಾಯಿನ್ ಬಂದಿತು. ಇನ್ನೊಂದು ಬದಿಯಲ್ಲಿ ಆಸ್ಪತ್ರೆಗಳೂ ಬದಲಾದವು. ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲಿ ಹೌಸ್ ಸರ್ಜನ್‌ಗಳಾಗಿ ದುಡಿದು ಇಲ್ಲಿಗೆ ಬಂದ ನಮ್ಮಂಥವರಿಗೆ ಕೇಸ್ ಶೀಟ್ ಎಂದರೆ ಮಂಚದ ತುದಿಗೆ ತೂಗುವ ಒಂದು ಕಾಗದದ ಕಟ್ಟು. ಎಕ್ಸ್‌ರೇ ಎಂದರೆ ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ನೋಡುವ ಫಿಲ್ಮು. ಇಲ್ಲಿ 2002ರಲ್ಲಿ ಆರಂಭವಾದ ರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಯೋಜನೆಯು ಇಡೀ ಇಂಗ್ಲೆಂಡಿಗೆ ಒಂದೇ ವಿದ್ಯುನ್ಮಾನ ದಾಖಲೆ ವ್ಯವಸ್ಥೆ ಕಟ್ಟಲು ಹೊರಟು, 2011ರಲ್ಲಿ ಅರ್ಧದಲ್ಲೇ ಕಳಚಿಕೊಂಡಿತು. ಆದರೆ ಅದರ ಕೆಲವು ಫಲಗಳು ಉಳಿದವು. ಎಕ್ಸ್‌ರೇ, ಸ್ಕ್ಯಾನ್ ಚಿತ್ರಗಳೆಲ್ಲ ಪರದೆಗೆ ಬಂದವು. ಆಸ್ಪತ್ರೆಗಳನ್ನೂ ಜಿಪಿ ಚಿಕಿತ್ಸಾಲಯಗಳನ್ನೂ ಜೋಡಿಸುವ ಒಂದು ಜಾಲ ನಿರ್ಮಾಣವಾಯಿತು. ವೈದ್ಯರು ಕುಳಿತಲ್ಲಿಯೇ ರಕ್ತಪರೀಕ್ಷೆಯ ಫಲಿತಾಂಶ ನೋಡುವುದು ರೂಢಿಯಾಯಿತು. ಫಿಲ್ಮು ತೊಳೆಯುವ ಕತ್ತಲೆ ಕೋಣೆಗಳು ಉಗ್ರಾಣಗಳಾದವು. ಹಿಂದಿರುಗುವ ದಾರಿ ಹೀಗೆ ಸದ್ದಿಲ್ಲದೆ ಮುಚ್ಚಿತು.

ಇನ್ನೊಂದು ಸಂಗತಿ ಇಲ್ಲಿ ಸ್ಪಷ್ಟವಾಗಬೇಕು. ಎನ್‌ಎಚ್‌ಎಸ್ ಎಂಬ ನೀಲಿ ಫಲಕ ಎಲ್ಲೆಡೆ ಒಂದೇ ಆದರೂ ಅದು ಒಂದೇ ಸಂಸ್ಥೆಯಲ್ಲ. 2017ರಲ್ಲಿ ಇಂಗ್ಲೆಂಡಿನಲ್ಲಿ 236 ಟ್ರಸ್ಟುಗಳಿದ್ದವು. ಸಾವಿರಾರು ಜಿಪಿ ಚಿಕಿತ್ಸಾಲಯಗಳು ಬೇರೆ. ಪ್ರತಿ ಟ್ರಸ್ಟಿಗೂ ತನ್ನದೇ ಆಡಳಿತ ಮಂಡಳಿ, ತನ್ನದೇ ಬಜೆಟ್ಟು, ತನ್ನದೇ ಕಂಪ್ಯೂಟರ್ ವಿಭಾಗ. ಅವೆಲ್ಲವೂ ಒಂದೇ ಜಾಲದಿಂದ ಬೆಸೆದುಕೊಂಡಿದ್ದವು. ಮನೆಗಳು ಬೇರೆ ಬೇರೆ, ನಡುಗೋಡೆ ಮಾತ್ರ ಒಂದೇ ಎಂಬಂತಹ ವಠಾರ ಅದು. ವಠಾರದಲ್ಲಿ ಒಂದು ಮನೆಗೆ ಬೆಂಕಿ ಬಿದ್ದರೆ ಏನಾಗುತ್ತದೆಂಬುದನ್ನು ವಿವರಿಸಬೇಕಾಗಿಲ್ಲ.

ಈಗ ಎಚ್ಚರಿಕೆಗಳ ಮಾತು. ಮೈಕ್ರೋಸಾಫ್ಟ್ ಕಂಪನಿಯು ವಿಂಡೋಸ್ ಎಕ್ಸ್‌ಪಿಗೆ ನೀಡುತ್ತಿದ್ದ ಬೆಂಬಲವನ್ನು 2014ರ ಏಪ್ರಿಲ್ 8ರಂದು ನಿಲ್ಲಿಸಿತು. ಬ್ರಿಟಿಷ್ ಸರ್ಕಾರ ಸುಮಾರು 55 ಲಕ್ಷ ಪೌಂಡ್ ತೆತ್ತು ಸಾರ್ವಜನಿಕ ಸಂಸ್ಥೆಗಳಿಗಾಗಿ ಒಂದು ವರ್ಷದ ವಿಶೇಷ ಬೆಂಬಲವನ್ನು ಕೊಂಡುಕೊಂಡಿತು, ಮರುವರ್ಷ ಅದನ್ನು ನವೀಕರಿಸಲಿಲ್ಲ. 2015ರ ಏಪ್ರಿಲ್ ಹೊತ್ತಿಗೆ ಹಳೆಯ ತಂತ್ರಾಂಶಗಳಿಂದ ಹೊರಬರುವ ಗಟ್ಟಿ ಯೋಜನೆ ಇರಬೇಕೆಂದು ಟ್ರಸ್ಟುಗಳಿಗೆ 2014ರಲ್ಲೇ ಪತ್ರ ಹೋಗಿತ್ತು. 2016ರ ಜುಲೈನಲ್ಲಿ ಡೇಮ್ ಫಿಯೋನಾ ಕಾಲ್ಡಿಕಾಟ್ ಅವರೂ, ಆರೈಕೆಯ ಗುಣಮಟ್ಟವನ್ನು ಪರಿಶೀಲಿಸುವ ಆಯೋಗವಾದ ಸಿಕ್ಯೂಸಿಯೂ ತಮ್ಮ ವರದಿಗಳಲ್ಲಿ ಇಂತಹ ದಾಳಿಯ ಅಪಾಯವನ್ನು ಎತ್ತಿ ಹೇಳಿದರು. ಕಾಲ್ಡಿಕಾಟ್ ಅವರು ಹತ್ತು ಭದ್ರತಾ ಮಾನದಂಡಗಳನ್ನೇ ರಚಿಸಿಕೊಟ್ಟರು. ಅವರು ಮೂಲತಃ ಮನೋವೈದ್ಯೆ ಎಂಬುದನ್ನು ಇಲ್ಲಿ ಸಂತೋಷದಿಂದ ನೆನೆಯುತ್ತೇವೆ. ಈ ವರದಿಗಳಿಗೆ ಆರೋಗ್ಯ ಇಲಾಖೆಯ ವಿಧ್ಯುಕ್ತ ಉತ್ತರ ಬಂದಿದ್ದು ಒಂದು ವರ್ಷದ ನಂತರ, 2017ರ ಜುಲೈನಲ್ಲಿ. ಅಷ್ಟರಲ್ಲಿ ದಾಳಿ ನಡೆದು ಎರಡು ತಿಂಗಳಾಗಿತ್ತು.

ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯು ವಿಂಡೋಸ್‌ನ ಒಂದು ದೋಷವನ್ನು ಗುಟ್ಟಾಗಿ ಬಳಸಿಕೊಳ್ಳಲು ರೂಪಿಸಿದ್ದ ಉಪಕರಣವೊಂದಿತ್ತು. ಎಟರ್ನಲ್‌ಬ್ಲೂ ಎಂದು ಅದರ ಹೆಸರು. ಕಡತಗಳನ್ನು ಯಂತ್ರದಿಂದ ಯಂತ್ರಕ್ಕೆ ಹಂಚುವ ವಿಂಡೋಸ್‌ನ ವ್ಯವಸ್ಥೆಯ ಮೂಲಕ ಅದು ಒಳನುಗ್ಗುತ್ತಿತ್ತು. 2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ಆ ದೋಷಕ್ಕೆ ತೇಪೆ, ಅಂದರೆ ಪ್ಯಾಚ್, ಬಿಡುಗಡೆ ಮಾಡಿತು. ಅದು ಉಚಿತವಾಗಿತ್ತು. ಏಪ್ರಿಲ್ 14ರಂದು ಶ್ಯಾಡೋ ಬ್ರೋಕರ್ಸ್ ಎಂಬ ಗುಂಪು ಆ ಉಪಕರಣವನ್ನು ಎಲ್ಲರ ಕೈಗೂ ಸಿಗುವಂತೆ ಅಂತರ್ಜಾಲಕ್ಕೆ ಹಾಕಿತು. ಎನ್‌ಎಚ್‌ಎಸ್ ಡಿಜಿಟಲ್ ಸಂಸ್ಥೆಯು ಮಾರ್ಚ್ 17ರಂದು ಒಮ್ಮೆ, ಏಪ್ರಿಲ್ 28ರಂದು ಇನ್ನೊಮ್ಮೆ ಟ್ರಸ್ಟುಗಳಿಗೆ ಅತಿ ತುರ್ತಿನ ಎಚ್ಚರಿಕೆ ಕಳುಹಿಸಿ ತೇಪೆ ಹಾಕಿಕೊಳ್ಳಿರೆಂದು ತಿಳಿಸಿತು. ರೋಗದ ಹೆಸರು ತಿಳಿದಿತ್ತು, ಲಸಿಕೆ ಸಿದ್ಧವಾಗಿತ್ತು, ಸುತ್ತೋಲೆ ಎರಡು ಬಾರಿ ಹೋಗಿತ್ತು. ಮೊದಲ ಸುತ್ತೋಲೆಗೂ ದಾಳಿಗೂ ನಡುವೆ ಎಂಟು ವಾರಗಳಿದ್ದವು.

ಮೇ 12ರಂದು ಬಂದ ವಾನಾಕ್ರೈ ಹಿಂದಿನ ಒತ್ತೆ ತಂತ್ರಾಂಶಗಳಂತಿರಲಿಲ್ಲ. ಯಾರಾದರೂ ಮೋಸದ ಇಮೇಲ್ ತೆರೆಯಲಿ ಎಂದು ಅದು ಕಾಯಬೇಕಾಗಿರಲಿಲ್ಲ. ತೇಪೆ ಹಾಕದ ಒಂದು ಯಂತ್ರ ಸಿಕ್ಕರೆ ಸಾಕು, ಅಲ್ಲಿಂದ ಅಕ್ಕಪಕ್ಕದ ಯಂತ್ರಗಳನ್ನು ತಾನೇ ಹುಡುಕಿಕೊಂಡು ಹೋಗುತ್ತಿತ್ತು. ಮುಟ್ಟಿದರೆ ಅಂಟುವ ಕಾಯಿಲೆಗೂ ಗಾಳಿಯಲ್ಲಿ ಹರಡುವ ಕಾಯಿಲೆಗೂ ಇರುವಷ್ಟು ವ್ಯತ್ಯಾಸ ಅದು. ಯುರೋಪೋಲ್ ಅಂದಾಜಿನಂತೆ ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಸೋಂಕು ತಗಲಿತು. ಎನ್‌ಎಚ್‌ಎಸ್ ಅನ್ನು ಗುರಿಯಿಟ್ಟು ಯಾರೂ ಹೊಡೆಯಲಿಲ್ಲ. ಬಾಗಿಲು ತೆರೆದಿತ್ತು, ಗಾಳಿ ಒಳಗೆ ಬಂತು.

ಸಂಜೆ ನಾಲ್ಕರ ಹೊತ್ತಿಗೆ ಎನ್‌ಎಚ್‌ಎಸ್ ಇಂಗ್ಲೆಂಡ್ ಇದನ್ನು ಮಹಾ ಅವಘಡವೆಂದು ಘೋಷಿಸಿತು. ಇಂಗ್ಲೆಂಡಿನ 236 ಟ್ರಸ್ಟುಗಳಲ್ಲಿ 80 ಟ್ರಸ್ಟುಗಳ ಕೆಲಸ ಅಸ್ತವ್ಯಸ್ತವಾಯಿತು. ಇವುಗಳಲ್ಲಿ ನಿಜಕ್ಕೂ ಸೋಂಕು ತಗಲಿದ್ದು 34ಕ್ಕೆ ಮಾತ್ರ. ಉಳಿದ 46 ಟ್ರಸ್ಟುಗಳಲ್ಲಿ ಹಲವು ಮುನ್ನೆಚ್ಚರಿಕೆಯೆಂದು ತಾವೇ ತಮ್ಮ ಇಮೇಲನ್ನೂ ಇತರ ವ್ಯವಸ್ಥೆಗಳನ್ನೂ ಆರಿಸಿ ಕುಳಿತವು. ಇದರ ಜೊತೆಗೆ 595 ಜಿಪಿ ಚಿಕಿತ್ಸಾಲಯಗಳಿಗೂ ಸೋಂಕು ತಾಗಿತು. ಸ್ಕಾಟ್ಲೆಂಡಿನ ಆರೋಗ್ಯ ಮಂಡಳಿಗಳೂ ತಪ್ಪಿಸಿಕೊಳ್ಳಲಿಲ್ಲ. ಲಂಡನ್, ಎಸೆಕ್ಸ್, ಹರ್ಟ್‌ಫರ್ಡ್‌ಶೈರ್, ಹ್ಯಾಂಪ್‌ಶೈರ್, ಕಂಬ್ರಿಯಾ ಪ್ರದೇಶಗಳಲ್ಲಿ ತುರ್ತು ಚಿಕಿತ್ಸಾ ವಿಭಾಗಗಳಿಗೆ ಬರುತ್ತಿದ್ದ ರೋಗಿಗಳನ್ನು ಬೇರೆಡೆಗೆ ಕಳುಹಿಸಬೇಕಾಯಿತು. 6,912 ಅಪಾಯಿಂಟ್‌ಮೆಂಟುಗಳು ರದ್ದಾದದ್ದು ಎಣಿಕೆಗೆ ಸಿಕ್ಕಿತು. ಒಟ್ಟು ಸುಮಾರು 19,000 ಇರಬಹುದೆಂಬುದು ನಂತರದ ಅಂದಾಜು. ಇವರಲ್ಲಿ ಕನಿಷ್ಠ 139 ಮಂದಿ ಕ್ಯಾನ್ಸರ್ ಇರಬಹುದೆಂಬ ಶಂಕೆಯಿಂದ ತುರ್ತಾಗಿ ತಜ್ಞರ ಬಳಿಗೆ ಹೋಗಬೇಕಾಗಿದ್ದವರು. ಅಂಕಿಯನ್ನು ಓದಿ ಮುಂದೆ ಹೋಗುವುದು ಸುಲಭ. ಗಂಟು ಕೈಗೆ ಸಿಕ್ಕ ದಿನದಿಂದ ತಜ್ಞರನ್ನು ಕಾಣುವ ದಿನದವರೆಗೆ ಒಂದು ಮನೆಯಲ್ಲಿ ರಾತ್ರಿಗಳು ಹೇಗೆ ಕಳೆಯುತ್ತವೆ ಎಂಬುದನ್ನು ಬಲ್ಲವರು ನಮ್ಮ ಸದಸ್ಯರಲ್ಲೇ ಇದ್ದಾರೆ.

ಗೊಂದಲ ಯಂತ್ರಗಳಲ್ಲಿ ಮಾತ್ರ ಇರಲಿಲ್ಲ. ಇಲಾಖೆಯ ಬಳಿ ಇಂತಹ ದಾಳಿಗೆ ಒಂದು ಯೋಜನೆ ಇತ್ತು, ಯಾರ ಹೊಣೆ ಯಾವುದೆಂದೂ ಅದರಲ್ಲಿ ಬರೆದಿತ್ತು. ಆದರೆ ಸ್ಥಳೀಯ ಮಟ್ಟದಲ್ಲಿ ಅದನ್ನು ಒಮ್ಮೆಯೂ ಅಭ್ಯಾಸ ಮಾಡಿ ನೋಡಿರಲಿಲ್ಲ. ಹೀಗಾಗಿ ಯಾರು ನಾಯಕತ್ವ ವಹಿಸಬೇಕೆಂಬುದೇ ಮೊದಲಿಗೆ ಅಸ್ಪಷ್ಟವಾಗಿತ್ತು. ಟ್ರಸ್ಟುಗಳು ತಮಗೆ ತೋಚಿದವರಿಗೆ ದೂರು ಕೊಟ್ಟವು, ಕೆಲವು ಸ್ಥಳೀಯ ಪೊಲೀಸರಿಗೂ ಫೋನ್ ಮಾಡಿದವು. ಇಮೇಲ್ ಇಲ್ಲದ ಕಾರಣ ಸೂಚನೆಗಳು ಖಾಸಗಿ ಮೊಬೈಲುಗಳ ಮೂಲಕ, ವಾಟ್ಸ್ಆ್ಯಪ್ ಮೂಲಕ ಓಡಾಡಿದವು. ಒಂದು ದೇಶದ ಆರೋಗ್ಯ ವ್ಯವಸ್ಥೆ ತನ್ನ ಬಿಕ್ಕಟ್ಟನ್ನು ವಾಟ್ಸ್ಆ್ಯಪ್ ಗುಂಪುಗಳಲ್ಲಿ ನಿಭಾಯಿಸಿದ್ದು ನಗು ತರಿಸಬಹುದು. ಆದರೆ ಅಂದು ಕೈಗೆ ಸಿಕ್ಕ ಸಾಧನದಿಂದ ರೋಗಿಗಳನ್ನು ನೋಡಿಕೊಂಡ ಸಿಬ್ಬಂದಿಯ ಬಗ್ಗೆ ನಮಗೆ ಗೌರವವೇ ಇದೆ. ಯಾವ ಎನ್‌ಎಚ್‌ಎಸ್ ಸಂಸ್ಥೆಯೂ ಒತ್ತೆಹಣ ಕೊಡಲಿಲ್ಲ ಎಂಬುದನ್ನೂ ಇಲ್ಲಿಯೇ ದಾಖಲಿಸಬೇಕು.

ಹರಡುವಿಕೆ ನಿಂತದ್ದು ಯಾವ ಕಾರ್ಯತಂತ್ರದಿಂದಲೂ ಅಲ್ಲ. ಡೆವನ್ ಪ್ರದೇಶದ ಇಲ್‌ಫ್ರಕೂಂಬ್ ಎಂಬ ಕಡಲತೀರದ ಊರಿನಲ್ಲಿ, ತಂದೆತಾಯಿಯರ ಮನೆಯಲ್ಲಿದ್ದ 22 ವರ್ಷದ ಮಾರ್ಕಸ್ ಹಚಿನ್ಸ್ ಅಂದು ರಜೆಯಲ್ಲಿದ್ದರು. ದುಷ್ಟ ತಂತ್ರಾಂಶವನ್ನು ಬಿಚ್ಚಿ ನೋಡುವುದು ಅವರ ವೃತ್ತಿ. ವಾನಾಕ್ರೈ ಪ್ರತಿ ಯಂತ್ರವನ್ನು ಹೊಕ್ಕಾಗಲೂ ಅರ್ಥವಿಲ್ಲದ ಅಕ್ಷರಗಳ ಒಂದು ಉದ್ದನೆಯ ಜಾಲವಿಳಾಸವನ್ನು ವಿಚಾರಿಸುತ್ತಿರುವುದನ್ನು ಅವರು ಗಮನಿಸಿದರು. ಆ ವಿಳಾಸ ಯಾರ ಹೆಸರಿನಲ್ಲಿಯೂ ಇರಲಿಲ್ಲ. ಸೋಂಕಿನ ಜಾಡು ಹಿಡಿಯಲು ಅನುಕೂಲವಾಗಲಿ ಎಂದು ಸುಮಾರು ಹತ್ತು ಡಾಲರ್ ಕೊಟ್ಟು ಅದನ್ನು ತಮ್ಮ ಹೆಸರಿಗೆ ನೋಂದಾಯಿಸಿದರು. ಆ ವಿಳಾಸದಿಂದ ಉತ್ತರ ಬಂದರೆ ತಂತ್ರಾಂಶ ಸುಮ್ಮನಾಗುವಂತೆ ಅದನ್ನು ರಚಿಸಲಾಗಿತ್ತೆಂಬುದು ಅವರಿಗೂ ಆಮೇಲಷ್ಟೇ ತಿಳಿಯಿತು. ಇದನ್ನು ಅದೃಷ್ಟವೆನ್ನದೆ ಬೇರೆ ದಾರಿಯಿಲ್ಲ. ಇದೇ ದಾಳಿ ಸೋಮವಾರದ ಬೆಳಗ್ಗೆ ಆರಂಭವಾಗಿದ್ದರೆ, ಅಥವಾ ಆ ಯುವಕ ಅಂದು ಕಡಲಿಗೆ ಹೋಗಿದ್ದರೆ, ಮೇಲಿನ ಅಂಕಿಗಳು ಎಲ್ಲಿಗೆ ಮುಟ್ಟುತ್ತಿದ್ದವೋ ಯೋಚಿಸಬೇಕು.

ಮುಂದೆ ತನಿಖೆಗಳು ನಡೆದವು. ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯ ವರದಿ 2017ರ ಅಕ್ಟೋಬರ್‌ನಲ್ಲಿ ಬಂದಿತು. ಎನ್‌ಎಚ್‌ಎಸ್‌ನ ಮುಖ್ಯ ಮಾಹಿತಿ ಅಧಿಕಾರಿ ವಿಲಿಯಂ ಸ್ಮಾರ್ಟ್ ಅವರು 22 ಶಿಫಾರಸುಗಳುಳ್ಳ ವರದಿಯನ್ನು 2018ರ ಫೆಬ್ರವರಿಯಲ್ಲಿ ಕೊಟ್ಟರು. ಎಲ್ಲದಕ್ಕೂ ಕಾರಣ ಹಳೆಯ ಎಕ್ಸ್‌ಪಿ ಎಂದು ಪತ್ರಿಕೆಗಳು ಬರೆದಿದ್ದವು, ಜನರೂ ಹಾಗೆಯೇ ನಂಬಿದ್ದರು. ಇಂದಿಗೂ ಹಲವರ ನಂಬಿಕೆ ಅದೇ. ವಾಸ್ತವ ಬೇರೆಯಿತ್ತು. ದಾಳಿಯ ಹೊತ್ತಿಗೆ ಎನ್‌ಎಚ್‌ಎಸ್‌ನಲ್ಲಿ ಎಕ್ಸ್‌ಪಿ ಯಂತ್ರಗಳು ಶೇಕಡಾ 5ರ ಆಸುಪಾಸಿನಲ್ಲಿದ್ದವು. ಸೋಂಕು ತಗಲಿದವುಗಳಲ್ಲಿ ಬಹುಪಾಲು ವಿಂಡೋಸ್ 7 ಯಂತ್ರಗಳು: ಬೆಂಬಲ ಇನ್ನೂ ಇದ್ದ, ತೇಪೆ ಲಭ್ಯವಿದ್ದ, ಆದರೆ ತೇಪೆ ಹಾಕದೆ ಬಿಟ್ಟವು. ತೇಪೆ ಹಾಕದಿದ್ದರೂ ಅಂತರ್ಜಾಲದ ಕಡೆಗೆ ಮುಖ ಮಾಡಿದ ಫೈರ್‌ವಾಲ್ ಸರಿಯಾಗಿದ್ದರೆ ಸೋಂಕು ತಪ್ಪುತ್ತಿತ್ತು ಎಂದು ಲೆಕ್ಕಪರಿಶೋಧಕರು ಹೇಳಿದರು. ಅಂದರೆ ಹೊಸ ಯಂತ್ರಗಳಿಗೆ ದುಡ್ಡು ಸುರಿದಿದ್ದರೆ ಸಾಕಿತ್ತು ಎಂಬ ವಾದ ಅರ್ಧಸತ್ಯ.

ಹಾಗಾದರೆ ತೇಪೆ ಹಾಕಲಿಲ್ಲವೇಕೆ? ಇದನ್ನು ಸೋಮಾರಿತನವೆಂದು ಬಿಡುವುದು ಅನ್ಯಾಯ. ತೇಪೆ ಹಾಕಿದ ಮೇಲೆ ಯಂತ್ರವನ್ನು ಆರಿಸಿ ಹೊತ್ತಿಸಬೇಕು. ತೀವ್ರ ನಿಗಾ ಘಟಕದಲ್ಲಿ, ಪ್ರಯೋಗಾಲಯದಲ್ಲಿ ಯಂತ್ರ ಆರಿಸಬಹುದಾದ ಗಳಿಗೆ ಯಾವುದು? ತೇಪೆಯಿಂದ ಹಳೆಯ ತಂತ್ರಾಂಶವೊಂದು ಕೆಟ್ಟರೆ ಮರುದಿನ ಬೆಳಗ್ಗೆ ಕ್ಲಿನಿಕ್ ನಡೆಸುವವರು ಯಾರು? ಎಂಆರ್‌ಐ ಯಂತ್ರದ ಹೊಟ್ಟೆಯೊಳಗೆ ವಿಂಡೋಸ್ ಇರುತ್ತದೆ, ಆದರೆ ಅದನ್ನು ಮುಟ್ಟುವ ಅಧಿಕಾರ ಆಸ್ಪತ್ರೆಯ ಕಂಪ್ಯೂಟರ್ ವಿಭಾಗಕ್ಕಿಲ್ಲ, ಮಾರಿದ ಕಂಪನಿಗೆ ಮಾತ್ರ. ಸ್ಕ್ಯಾನರ್ ವೈದ್ಯಕೀಯವಾಗಿ ಇನ್ನೂ ಹತ್ತು ವರ್ಷ ಬಾಳುತ್ತದೆ. ಅದರೊಳಗಿನ ತಂತ್ರಾಂಶದ ಆಯುಷ್ಯ ಮುಗಿದಿರುತ್ತದೆ. ಜೊತೆಗೆ ಬಜೆಟ್ಟಿನ ಸಭೆಯಲ್ಲಿ ಹೊಸ ದಾದಿಯರ ನೇಮಕವೋ ಫೈರ್‌ವಾಲೋ ಎಂಬ ಪ್ರಶ್ನೆ ಬಂದಾಗ ಯಾವ ವೈದ್ಯರೂ ಫೈರ್‌ವಾಲ್ ಪರ ಕೈ ಎತ್ತುವುದಿಲ್ಲ. ನಮ್ಮ ವೃತ್ತಿಯವರ ಈ ಪಾಲನ್ನು ಹೇಳದೆ ಬಿಟ್ಟರೆ ಚಿತ್ರ ಪೂರ್ಣವಾಗದು.

ಆದರೆ ಇವೆಲ್ಲ ಕಷ್ಟಗಳ ಕೆಳಗೆ ಇನ್ನೊಂದು ಪದರವಿತ್ತು, ನಮ್ಮ ದೃಷ್ಟಿಯಲ್ಲಿ ಮುಖ್ಯವಾದದ್ದು ಅದೇ. ದಾಳಿಗೆ ಮುನ್ನ ಎನ್‌ಎಚ್‌ಎಸ್ ಡಿಜಿಟಲ್ 88 ಟ್ರಸ್ಟುಗಳಿಗೆ ಹೋಗಿ ಸ್ಥಳ ಪರಿಶೀಲನೆ ನಡೆಸಿತ್ತು. ಒಂದು ಟ್ರಸ್ಟ್ ಕೂಡ ಉತ್ತೀರ್ಣವಾಗಿರಲಿಲ್ಲ. ಆ ಫಲಿತಾಂಶ ಕೈಯಲ್ಲಿದ್ದರೂ, ಸರಿಪಡಿಸಿಕೊಳ್ಳಿ ಎಂದು ಆಜ್ಞಾಪಿಸುವ ಅಧಿಕಾರ ಅದಕ್ಕಿರಲಿಲ್ಲ. ಕಳುಹಿಸಿದ ಎಚ್ಚರಿಕೆಯನ್ನು ಎಷ್ಟು ಟ್ರಸ್ಟುಗಳು ಪಾಲಿಸಿವೆ ಎಂದು ತಿಳಿಯುವ ವಿಧ್ಯುಕ್ತ ವ್ಯವಸ್ಥೆ ಆರೋಗ್ಯ ಇಲಾಖೆಯ ಬಳಿ ಇರಲಿಲ್ಲ. ವೈದ್ಯರ ಭಾಷೆಯಲ್ಲಿ ಹೇಳುವುದಾದರೆ ಚೀಟಿ ಬರೆದಾಗಿತ್ತು. ರೋಗಿ ಔಷಧ ಕೊಂಡರೇ, ನುಂಗಿದರೇ ಎಂದು ಕೇಳುವವರಿರಲಿಲ್ಲ. ವಾರ್ಡಿನಲ್ಲಿ ಔಷಧದ ಪಟ್ಟಿಯ ಮೇಲೆ ವೈದ್ಯರ ಸಹಿಯ ಜೊತೆಗೆ, ಔಷಧ ಕೊಟ್ಟ ದಾದಿಯ ಸಹಿಗೂ ವೇಳೆಗೂ ಪ್ರತ್ಯೇಕ ಚೌಕವಿರುತ್ತದೆ. ಆ ಚೌಕ ಖಾಲಿಯಿದ್ದರೆ ಔಷಧ ಕೊಟ್ಟಿಲ್ಲವೆಂದೇ ಲೆಕ್ಕ. ಎನ್‌ಎಚ್‌ಎಸ್‌ನ ಭದ್ರತಾ ವ್ಯವಸ್ಥೆಯಲ್ಲಿ ಆ ಎರಡನೆಯ ಚೌಕವೇ ಇರಲಿಲ್ಲ.

ನಂತರದ ಸುಧಾರಣೆಗಳಲ್ಲಿ ಕೆಲಸಕ್ಕೆ ಬಂದವು ಬಹುತೇಕ ಈ ಚೌಕವನ್ನು ತುಂಬಿದವುಗಳೇ. ಪ್ರತಿ ಟ್ರಸ್ಟಿನಲ್ಲಿ ಮಾಹಿತಿ ಭದ್ರತೆಗೆ ಹೆಸರು ಹಿಡಿದು ಹೇಳಬಹುದಾದ ಒಬ್ಬ ಹಿರಿಯ ಅಧಿಕಾರಿ ಹೊಣೆಗಾರರಾಗಬೇಕು ಎಂದಾಯಿತು. ಅತಿ ತುರ್ತಿನ ಎಚ್ಚರಿಕೆ ಬಂದರೆ ಕ್ರಮಕ್ಕೆ ಯೋಜನೆ ಇದೆಯೆಂದು 48 ಗಂಟೆಗಳೊಳಗೆ ದೃಢಪಡಿಸಬೇಕು ಎಂದಾಯಿತು. ಕಾಲ್ಡಿಕಾಟ್ ಅವರ ಹತ್ತು ಮಾನದಂಡಗಳ ಆಧಾರದ ಮೇಲೆ 2018ರ ಏಪ್ರಿಲ್‌ನಿಂದ ಪ್ರತಿ ಸಂಸ್ಥೆಯೂ ವರ್ಷಕ್ಕೊಮ್ಮೆ ತನ್ನ ಸ್ಥಿತಿಯನ್ನು ವರದಿ ಮಾಡುವ ಪದ್ಧತಿ ಬಂದಿತು. ಅದೇ ತಿಂಗಳು ಎಲ್ಲ ಎನ್‌ಎಚ್‌ಎಸ್ ಸಂಸ್ಥೆಗಳಿಗೆ ವಿಂಡೋಸ್ 10 ಒದಗಿಸುವ ಒಪ್ಪಂದವಾಯಿತು. ದಾಳಿಯ ಒಟ್ಟು ವೆಚ್ಚ 9 ಕೋಟಿ 20 ಲಕ್ಷ ಪೌಂಡ್ ಎಂದು ಇಲಾಖೆ ಆನಂತರ ಅಂದಾಜಿಸಿತು. 2014ರ 55 ಲಕ್ಷದ ಪಕ್ಕದಲ್ಲಿ ಈ ಮೊತ್ತವನ್ನು ಇಟ್ಟು ನೋಡುವ ಆಸೆ ಯಾರಿಗಾದರೂ ಆಗುತ್ತದೆ; ಆದರೆ ಹೋಲಿಕೆ ಸರಿಯಲ್ಲ, ಆ 55 ಲಕ್ಷವೂ ಎಕ್ಸ್‌ಪಿಗೆ ಸಂಬಂಧಿಸಿದ್ದೇ. ಅಷ್ಟಾದರೂ 2018ರ ಆರಂಭದಲ್ಲಿ ಪರಿಶೀಲನೆಗೆ ಒಳಗಾದ 200 ಟ್ರಸ್ಟುಗಳೂ ಅನುತ್ತೀರ್ಣವಾಗಿದ್ದವೆಂದು ಸಂಸತ್ತಿನ ಸಮಿತಿಯ ಮುಂದೆ ಅಧಿಕಾರಿಗಳು ತಿಳಿಸಿದರು. ಮಾನದಂಡ ಎತ್ತರದಲ್ಲಿತ್ತು ಎಂಬುದು ಅವರ ಸಮಜಾಯಿಷಿ. ಅದು ಪೂರ್ತಿ ಸುಳ್ಳೂ ಅಲ್ಲ.

ನೆರೆಯ ಐರ್ಲೆಂಡಿನಲ್ಲಿ 2021ರ ಮೇ 14ರಂದು ನಡೆದದ್ದನ್ನು ನೋಡಿದರೆ ಪಾಠ ಗಡಿ ದಾಟಿರಲಿಲ್ಲವೆಂದು ತಿಳಿಯುತ್ತದೆ. ಅಲ್ಲಿನ ಆರೋಗ್ಯ ಸೇವೆಯಾದ ಎಚ್‌ಎಸ್‌ಇಯ ಒಂದು ಕಂಪ್ಯೂಟರಿನಲ್ಲಿ ಮಾರ್ಚ್ 18ರಂದು ಯಾರೋ ಮೋಸದ ಇಮೇಲಿನ ಎಕ್ಸೆಲ್ ಕಡತವನ್ನು ತೆರೆದರು. ಕಳ್ಳರು ಒಡನೆ ಏನೂ ಮಾಡಲಿಲ್ಲ. ಎಂಟು ವಾರ ಒಳಗೇ ಓಡಾಡಿ, ಎಲ್ಲಿ ಏನಿದೆ ನೋಡಿಕೊಂಡು, ಆಮೇಲೆ ಬೀಗ ಜಡಿದರು. ನಡುವೆ ಸುಳಿವುಗಳು ಸಿಕ್ಕಿದ್ದವು, ವೈರಸ್ ನಿರೋಧಕ ತಂತ್ರಾಂಶದ ಕಂಪನಿ ದಾಳಿಯ ಹಿಂದಿನ ದಿನ ಇಮೇಲ್ ಕೂಡ ಕಳುಹಿಸಿತ್ತು. ಸುಳಿವುಗಳನ್ನು ಒಂದೆಡೆ ಕೂಡಿಸಿ ನೋಡುವವರಿರಲಿಲ್ಲ. ಸೈಬರ್ ಭದ್ರತೆಗೆ ಹಿರಿಯ ಮಟ್ಟದಲ್ಲಿ ಒಬ್ಬ ಹೊಣೆಗಾರರೂ ಇರಲಿಲ್ಲವೆಂದು ಸ್ವತಂತ್ರ ವರದಿ ಹೇಳಿತು. ಕೆಲವೇ ದಿನಗಳಲ್ಲಿ ಕಳ್ಳರೇ ಬೀಗದ ಕೈಯನ್ನು ಪುಕ್ಕಟೆಯಾಗಿ ಕೊಟ್ಟರು. ಆದರೂ ಎಲ್ಲ ಸರ್ವರುಗಳನ್ನು ತೆರೆದು ಮುಗಿಸುವಷ್ಟರಲ್ಲಿ ಸೆಪ್ಟೆಂಬರ್ ಬಂದಿತ್ತು. ಆ ತಿಂಗಳುಗಳಲ್ಲಿ ಅಲ್ಲಿನ ವೈದ್ಯರು ಕಾಗದ, ಪೆನ್ನುಗಳಿಗೆ ಮರಳಿದರು. ಕೇಸ್ ಶೀಟಿನಲ್ಲಿ ಬರೆದು ಕಲಿತ ನಮ್ಮ ತಲೆಮಾರಿನವರಿಗೆ ಅದು ಹಳೆಯ ದಾರಿ. ಪರದೆಯ ಮೇಲೆ ಟಿಕ್ ಮಾಡಿಯೇ ಕಲಿತ ಕಿರಿಯರಿಗೆ ಅಲ್ಲ. ಕಾಗದದ ಮೇಲೆ ಕೆಲಸ ಮಾಡುವ ಅಭ್ಯಾಸವನ್ನೂ ಈಗ ಕಾರ್ಯತಂತ್ರದ ಒಂದು ಭಾಗವೆಂದೇ ಎಣಿಸಬೇಕಾಗಿದೆ. ಮರುವರ್ಷ, 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳು ದಾಳಿಗೆ ಸಿಕ್ಕಾಗ ಅಲ್ಲಿಯೂ ನೋಂದಣಿಯಿಂದ ಪ್ರಯೋಗಾಲಯದವರೆಗೆ ಎಲ್ಲವನ್ನೂ ಕೈಬರಹದಲ್ಲಿ ನಡೆಸಬೇಕಾಯಿತು.

2024ರ ಜೂನ್ 3ರ ಪ್ರಕರಣ ನಮಗೆ ಇನ್ನೂ ಹತ್ತಿರದ್ದು. ಆಗ್ನೇಯ ಲಂಡನ್ನಿನ ಆಸ್ಪತ್ರೆಗಳಿಗೂ ಜಿಪಿಗಳಿಗೂ ರಕ್ತಪರೀಕ್ಷೆ ಮಾಡಿಕೊಡುವ ಸಿನೋವಿಸ್ ಸಂಸ್ಥೆಯ ಮೇಲೆ ದಾಳಿಯಾಯಿತು. ಕಿಂಗ್ಸ್ ಕಾಲೇಜ್ ಆಸ್ಪತ್ರೆ, ಗೈಸ್ ಮತ್ತು ಸೇಂಟ್ ಥಾಮಸ್ ಆಸ್ಪತ್ರೆಗಳ ತಮ್ಮ ಕಂಪ್ಯೂಟರುಗಳು ಚೆನ್ನಾಗಿಯೇ ಇದ್ದವು. ಆದರೆ ರೋಗಿಯ ರಕ್ತದ ಗುಂಪನ್ನು ಎಂದಿನ ವೇಗದಲ್ಲಿ ಹೊಂದಿಸಿ ನೋಡಲಾಗದೆ, ಯಾರಿಗಾದರೂ ಕೊಡಬಹುದಾದ ಓ ಗುಂಪಿನ ರಕ್ತಕ್ಕೆ ಬೇಡಿಕೆ ಏರಿತು. ಆ ಗುಂಪಿನವರು ಬಂದು ರಕ್ತ ಕೊಡಿರೆಂದು ದೇಶಕ್ಕೇ ಕರೆ ಹೋಯಿತು. ಎರಡು ಟ್ರಸ್ಟುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಹೊರರೋಗಿ ಭೇಟಿಗಳು, 1,710 ಶಸ್ತ್ರಚಿಕಿತ್ಸೆ ಮುಂತಾದ ಯೋಜಿತ ಚಿಕಿತ್ಸೆಗಳು ಮುಂದೆ ಹೋದವು. ಒಬ್ಬ ರೋಗಿಯ ಸಾವಿಗೆ ಕಾರಣವಾದ ಹಲವು ಅಂಶಗಳಲ್ಲಿ ರಕ್ತಪರೀಕ್ಷೆಯ ಫಲಿತಾಂಶ ತಡವಾದದ್ದೂ ಒಂದೆಂದು ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ಟ್ರಸ್ಟ್ 2025ರ ಜೂನ್‌ನಲ್ಲಿ ದೃಢಪಡಿಸಿತು. 2017ರಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ನಮ್ಮ ಯಂತ್ರಗಳಿಗೆ ತೇಪೆ ಹಾಕಿದೆಯೇ ಎಂಬುದು. 2024ರ ಹೊತ್ತಿಗೆ, ನಾವು ಯಾರನ್ನು ನೆಚ್ಚಿದ್ದೇವೆ, ಅವರ ಬಾಗಿಲ ಚಿಲಕ ಹೇಗಿದೆ ಎಂದೂ ಕೇಳಬೇಕಾಯಿತು.

ಇಷ್ಟು ದೊಡ್ಡ ಸಂಸ್ಥೆಗಳ ಕಥೆ ನಮ್ಮ ಸಂಘಕ್ಕೆ ಏಕೆ ಎಂದು ಕೆಲವರು ಕೇಳಬಹುದು. ನಮ್ಮ ಬಳಿ ಎಂಆರ್‌ಐ ಯಂತ್ರವಿಲ್ಲ ನಿಜ. ಸದಸ್ಯರ ವಿಳಾಸ, ಫೋನ್ ಸಂಖ್ಯೆ, ಕನ್ನಡ ಕಲಿಯುವ ಮಕ್ಕಳ ಹೆಸರು, ವಯಸ್ಸು, ಕೆಲವರ ಅಲರ್ಜಿಯ ವಿವರ, ಹಬ್ಬದ ಟಿಕೆಟ್ಟಿನ ಹಣದ ಲೆಕ್ಕ ಇವೆ. ಸ್ವಯಂಸೇವಕರು ನಡೆಸುವ ಯಾವ ಸಂಘದಲ್ಲೂ ಸಮಿತಿ ಬದಲಾದಂತೆ ಇಂತಹ ಪಟ್ಟಿಗಳ ಪ್ರತಿಗಳು ಹಳಬರ ಲ್ಯಾಪ್‌ಟಾಪುಗಳಲ್ಲಿ ಉಳಿಯುತ್ತವೆ, ಖಾತೆಯ ಪಾಸ್‌ವರ್ಡ್ ಕೈಯಿಂದ ಕೈಗೆ ಹೋಗುತ್ತದೆ. ನಮ್ಮಲ್ಲಿರುವ ತಂತ್ರಜ್ಞ ಸದಸ್ಯರು ಇದಕ್ಕೆ ಬೇಕಾದ ಉಪಾಯಗಳನ್ನು ನಮಗಿಂತ ಚೆನ್ನಾಗಿ ಬಲ್ಲರು: ಎರಡು ಹಂತದ ಲಾಗಿನ್, ಬೇರೆಡೆ ಇಟ್ಟ ಬ್ಯಾಕಪ್, ಬೇಡವಾದ ಪ್ರತಿಗಳ ಅಳಿಸುವಿಕೆ. ಅವರಲ್ಲಿ ನಮ್ಮ ಕೋರಿಕೆ ಎರಡನೆಯ ಚೌಕದ್ದು. ಯಾವ ಪಟ್ಟಿ ಎಲ್ಲಿದೆ, ಅದರ ಹೊಣೆ ಯಾರದ್ದು, ಬ್ಯಾಕಪ್‌ನಿಂದ ಕಡತವನ್ನು ಮರಳಿ ತೆರೆದು ನೋಡಿದ್ದು ಕೊನೆಯ ಬಾರಿ ಯಾವಾಗ ಎಂಬ ಮೂರು ಕಲಮುಗಳ ಒಂದು ಹಾಳೆಯನ್ನು ಕಾರ್ಯಕಾರಿ ಸಮಿತಿಯ ಮುಂದಿನ ಸಭೆಯಲ್ಲಿ ಎಲ್ಲರೂ ಕೂಡಿ ತುಂಬೋಣ. ಹಳೆಯ ಸಮಿತಿಗಳ ಪದಾಧಿಕಾರಿಗಳು ತಮ್ಮ ಬಳಿ ಉಳಿದ ಪಟ್ಟಿಗಳಿದ್ದರೆ ಅಷ್ಟರೊಳಗೆ ಕಾರ್ಯದರ್ಶಿಗಳಿಗೆ ತಿಳಿಸಬೇಕೆಂದು ವಿನಂತಿ.